ಬಿಟ್ಟು ಕಳಿಸಿದ ಡಾಕ್ಟರ್ ಯಾರು?

ಒಂದು ಕೊಲೆಯ ಸುದ್ದಿ ಬರುತ್ತೆ. ಕೊಂದವನು ಮಾನಸಿಕ ಅಸ್ವಸ್ಥನಂತೆ, ಮೂರು ತಿಂಗಳ ಹಿಂದೆ ಆಸ್ಪತ್ರೆಯಿಂದ ಬಿಡುಗಡೆಯಾಗಿದ್ದನಂತೆ ಅಂತ ಎರಡನೇ ಪ್ಯಾರಾದಲ್ಲಿ ಒಂದು ಸಾಲು ಇರುತ್ತೆ. ಅಲ್ಲಿಂದ ಮುಂದಕ್ಕೆ ಯಾರೂ ಓದೋದಿಲ್ಲ. ಹತ್ತು ನಿಮಿಷದಲ್ಲಿ ವಾಟ್ಸಾಪ್ ಗುಂಪಿನಲ್ಲಿ ತೀರ್ಪು ಬಂದಿರುತ್ತೆ: "ಇಂಥವನನ್ನ ಹೊರಗೆ ಬಿಟ್ಟ ಡಾಕ್ಟರ್ ಯಾರು? ಮೊದಲು ಅವನನ್ನ ಒಳಗೆ ಹಾಕ್ಬೇಕು." ಅದರ ಕೆಳಗೆ ಇಪ್ಪತ್ತು ಹೆಬ್ಬೆಟ್ಟು.

ಆ ಪ್ರಶ್ನೆ ಕೇಳಬಾರದು ಅಂತ ನಾನು ಹೇಳ್ತಿಲ್ಲ. ಕೇಳಲೇಬೇಕು. ಆದರೆ ಉತ್ತರವನ್ನ ಮೊದಲೇ ಜೇಬಲ್ಲಿಟ್ಕೊಂಡು ಆಮೇಲೆ ಪ್ರಶ್ನೆ ಕೇಳ್ತೀವಲ್ಲ, ಅದರಿಂದ ಮುಂದಿನ ಕೊಲೆ ತಪ್ಪುತ್ತೆ ಅಂತ ಯಾರಾದರೂ ನಂಬಿದ್ದರೆ ಅವರ ಜೊತೆ ನನ್ನ ಜಗಳ ಇದೆ. ನನ್ನ ವಾದ ಇಷ್ಟೇ. ರೋಗಿಯೊಬ್ಬ ಕೊಲೆ ಮಾಡಿದಾಗ ಅವನ ಮನೋವೈದ್ಯರನ್ನ ನಾವು ಹೇಗೆ ನಡೆಸಿಕೊಳ್ತೀವೋ ಅದರ ಮೇಲೆ ಮುಂದಿನ ರೋಗಿಗೆ ಚಿಕಿತ್ಸೆ ಸಿಗುತ್ತೋ ಇಲ್ಲವೋ ಅನ್ನೋದು ನಿಂತಿದೆ. ಮುಂದಿನ ರೋಗಿಗೆ ಚಿಕಿತ್ಸೆ ಸಿಗೋದರ ಮೇಲೆ ನಮ್ಮ ನಿಮ್ಮ ಸುರಕ್ಷತೆ ನಿಂತಿದೆ.

ನಾನು ಡಾಕ್ಟರ್ ಅಲ್ಲ. ಬಿಇ ಮಾಡ್ಕೊಂಡು ಹನ್ನೆರಡು ವರ್ಷದಿಂದ ಕೋಡ್ ಬರೀತಿರೋನು. ನಮ್ಮ ವಂಶದಲ್ಲೇ ಯಾರೂ ಡಾಕ್ಟರ್ ಇಲ್ಲ, ಹಾಗಾಗಿ ಜಾತಿಪ್ರೇಮ ಅನ್ನೋಕೂ ಬರಲ್ಲ. ಈ ವಿಷಯಕ್ಕೆ ನಾನ್ಯಾಕೆ ತಲೆ ಹಾಕ್ತಿದ್ದೀನಿ ಅನ್ನೋದು ಮುಂದೆ ಗೊತ್ತಾಗುತ್ತೆ. ಮೊದಲು ಫ್ರಾನ್ಸಿನ ಒಂದು ಕೇಸು ನೋಡೋಣ. ವಾಟ್ಸಾಪ್ ಗುಂಪಿನಲ್ಲಿ ನಾವು ಕೇಳಿದ್ದನ್ನ ಅಲ್ಲಿನ ಕೋರ್ಟು ನಿಜವಾಗಿಯೂ ಮಾಡಿ ತೋರಿಸಿತ್ತು.

2004ರ ಫೆಬ್ರವರಿ. ಮಾರ್ಸೇ ನಗರದ ಮನೋವೈದ್ಯೆ ದಾನಿಯೆಲ್ ಕನರೆಲ್ಲಿ ಅವರ ಬಳಿ ವರ್ಷಗಳಿಂದ ಚಿಕಿತ್ಸೆಯಲ್ಲಿದ್ದ ರೋಗಿಯೊಬ್ಬ ಸಮಾಲೋಚನೆಯ ನಡುವೆಯೇ ಎದ್ದು ಓಡಿಹೋದ. ಆಸ್ಪತ್ರೆಗೆ ಮತ್ತೆ ಸೇರಿಸಬೇಕು ಅಂತ ಆಕೆ ಹೇಳಿದ್ದೇ ತಡ, ಆಸಾಮಿ ನಾಪತ್ತೆ. ಇಪ್ಪತ್ತು ದಿನದ ನಂತರ ಅವನು ತನ್ನ ಅಜ್ಜಿಯ ಸಂಗಾತಿಯಾಗಿದ್ದ 80 ವರ್ಷದ ಮುದುಕರನ್ನ ಕೊಡಲಿಯಿಂದ ಕೊಂದ. ಕಾಯಿಲೆಯ ಕಾರಣಕ್ಕೆ ಕೊಂದವನ ಮೇಲೆ ಅಪರಾಧದ ಹೊಣೆ ಹೊರಿಸಲಿಲ್ಲ. ಹೊಣೆ ತಿರುಗಿ ವೈದ್ಯೆಯ ಮೇಲೆ ಬಂತು. 2012ರ ಡಿಸೆಂಬರ್‌ನಲ್ಲಿ ಮಾರ್ಸೇ ಕೋರ್ಟು, ಉದ್ದೇಶವಿಲ್ಲದೆ ಸಾವಿಗೆ ಕಾರಣರಾದ ಅಪರಾಧಕ್ಕೆ ಆಕೆಗೆ ಒಂದು ವರ್ಷದ ಅಮಾನತು ಶಿಕ್ಷೆ ಕೊಟ್ಟಿತು. ಬೇರೆ ವೈದ್ಯರ ಅಭಿಪ್ರಾಯ ಬೇರೆಯೇ ಇದ್ದರೂ ಆಕೆ ತನ್ನ ದಾರಿಯನ್ನೇ ಹಿಡಿದರು, ಅಪಾಯ ಕಣ್ಣೆದುರಿಗಿದ್ದರೂ ನೋಡಲಿಲ್ಲ ಅನ್ನೋದು ಆರೋಪದ ತಿರುಳು. 2014ರಲ್ಲಿ ಮೇಲಿನ ಕೋರ್ಟಿನಲ್ಲಿ ಆ ಶಿಕ್ಷೆ ಬಿದ್ದುಹೋಯ್ತು. ಅಷ್ಟರಲ್ಲಿ ಹತ್ತು ವರ್ಷ ಕಳೆದಿತ್ತು.

ಆಕೆ ತಪ್ಪು ಮಾಡಿದ್ದರೋ ಇಲ್ಲವೋ ಅನ್ನೋ ತೀರ್ಮಾನಕ್ಕೆ ನಾನು ಹೋಗಲ್ಲ. ಕೊಲೆಯಾದವರ ಮಗ ದೂರು ಕೊಟ್ಟಿದ್ದೂ ನ್ಯಾಯವೇ. ನನಗೆ ಮುಖ್ಯ ಅನ್ನಿಸೋದು ಆಮೇಲಿನದು. ಫ್ರಾನ್ಸಿನ ಮನೋವೈದ್ಯರ ಸಂಘಟನೆಗಳು ತೀರ್ಪನ್ನ ವಿರೋಧಿಸಿದವು. ಹೀಗಾದರೆ ಕಷ್ಟದ ರೋಗಿಗಳನ್ನ ಯಾರೂ ಮುಟ್ಟೋದಿಲ್ಲ, ಮುಟ್ಟಿದವರು ಬೀಗ ಹಾಕಿ ಕೂರಿಸ್ತಾರೆ ಅಂದರು. ಇದನ್ನ ಬೆದರಿಕೆ ಅಂತ ಓದಬಹುದು. ನಾನು ಮನುಷ್ಯಸಹಜ ಲೆಕ್ಕಾಚಾರ ಅಂತ ಓದ್ತೀನಿ. ಬಿಟ್ಟರೆ ಜೈಲು, ಕೂಡಿಹಾಕಿದರೆ ಸಂಬಳ ಅಂದ್ರೆ ನೀವೇನು ಮಾಡ್ತೀರಿ?

ಈಗ ಕೊಲೆ ನಡೆದ ಮಾರನೇ ದಿನ ಆ ವೈದ್ಯರ ಬದುಕಿನಲ್ಲಿ ಏನಾಗುತ್ತೆ ಅಂತ ಸ್ವಲ್ಪ ಯೋಚಿಸಿ. ಸುದ್ದಿ ತಿಳಿಯೋದು ಎಷ್ಟೋ ಸಲ ಟೀವಿಯಿಂದ, ಇಲ್ಲವೇ ಪೊಲೀಸರ ಫೋನಿನಿಂದ. ಫೋಟೋದಲ್ಲಿರೋ ಮುಖ ಗುರುತು ಸಿಗುತ್ತೆ. ಹೋದ ತಿಂಗಳು ಎದುರಿನ ಕುರ್ಚಿಯಲ್ಲಿ ಕೂತಿದ್ದವನು, ನಿದ್ದೆ ಪರವಾಗಿಲ್ಲ ಡಾಕ್ಟ್ರೇ ಅಂದಿದ್ದವನು. ಕೈ ತಾನಾಗಿ ಫೈಲಿನ ಕಡೆ ಹೋಗುತ್ತೆ. ಆವತ್ತು ಏನು ಬರೆದಿದ್ದೆ? ಯಾವ ಮಾತ್ರೆ ಕಮ್ಮಿ ಮಾಡಿದ್ದೆ? 'ಅಪಾಯದ ಲಕ್ಷಣ ಸದ್ಯಕ್ಕಿಲ್ಲ' ಅನ್ನೋ ಮೂರು ಪದದ ಸಾಲು ಈಗ ಗೋಡೆ ಮೇಲೆ ಬರೆದ ಹಾಗೆ ಕಾಣುತ್ತೆ. ಒಪಿಡಿಯಲ್ಲಿ ನೂರು ಜನ ಕಾಯ್ತಿದ್ದಾಗ ಅರ್ಧ ನಿಮಿಷದಲ್ಲಿ ಬರೆದ ಸಾಲು ಅದು. ಇನ್ನು ಮುಂದೆ ಅದನ್ನ ವಕೀಲರು, ಪತ್ರಕರ್ತರು, ತಜ್ಞರು ತಿಂಗಳುಗಟ್ಟಲೆ ಓದ್ತಾರೆ.

ಆಮೇಲೆ ಬಾಯಿ ಕಟ್ಟುತ್ತೆ. ರೋಗಿಯ ಗುಟ್ಟು ಕಾಯೋದು ವೈದ್ಯರ ಧರ್ಮ, ಕಾನೂನು ಕೂಡ. ಹಾಗಾಗಿ ನಾನು ಹೀಗೆ ಮಾಡಿದ್ದಕ್ಕೆ ಇದು ಕಾರಣ ಅಂತ ಟೀವಿ ಮುಂದೆ ಹೇಳೋ ಹಾಗಿಲ್ಲ. ಆಸ್ಪತ್ರೆಯ ವಕೀಲರು ಯಾರ ಹತ್ತಿರಾನೂ ಮಾತಾಡಬೇಡಿ ಅಂತಾರೆ. ಕೊಲೆಯಾದವರ ಮನೆಗೆ ಹೋಗಿ ತಲೆ ತಗ್ಗಿಸಿ ಕೂತು ಬರೋಣ ಅನ್ನಿಸಿದರೆ ಅದೂ ಬೇಡ, ತಪ್ಪು ಒಪ್ಪಿಕೊಂಡ ಹಾಗಾಗುತ್ತೆ. ಸಹೋದ್ಯೋಗಿಗಳು ನಿನ್ನ ತಪ್ಪಲ್ಲ ಬಿಡು ಅಂತಾರೆ. ಸದ್ಯ ನನ್ನ ರೋಗಿ ಅಲ್ಲವಲ್ಲ ಅನ್ನೋ ಸಮಾಧಾನವೂ ಅವರ ಕಣ್ಣಲ್ಲಿ ಇರುತ್ತೆ.

ಇದಕ್ಕಿಂತ ಭಾರವಾದದ್ದು ಇನ್ನೊಂದಿದೆ. ಕೊಂದವನು ಈಗಲೂ ಅವರ ರೋಗಿಯೇ. ತೀವ್ರ ಮನೋರೋಗದಲ್ಲಿ ನಡೆಯೋ ಕೊಲೆಗಳಲ್ಲಿ ಸಾಯೋರು ಬಹಳ ಸಲ ಮನೆಯವರೇ. ತಾಯಿ, ತಂದೆ, ಹೆಂಡತಿ. ನನ್ನಮ್ಮನ ವೇಷ ಹಾಕ್ಕೊಂಡು ಯಾರೋ ಬಂದಿದ್ದಾರೆ, ಅನ್ನದಲ್ಲಿ ವಿಷ ಹಾಕ್ತಿದ್ದಾರೆ ಅಂತ ನಂಬಿ ಹೊಡೆದವನಿಗೆ ಚಿಕಿತ್ಸೆ ಕೊಟ್ಟರೆ ಏನಾಗುತ್ತೆ ಗೊತ್ತಾ? ಕಾಯಿಲೆ ಇಳಿಯುತ್ತೆ. ಇಳಿದ ದಿನ ಅವನಿಗೆ ಅದು ಅಮ್ಮನೇ ಆಗಿದ್ದಳು ಅಂತ ತಿಳಿಯುತ್ತೆ. ಆ ತಿಳಿವಳಿಕೆಯ ಹತ್ತಿರಕ್ಕೆ ಅವನನ್ನ ಕೈ ಹಿಡಿದು ಕರ್ಕೊಂಡು ಹೋಗಬೇಕಾದವರು, ಅಲ್ಲಿ ಅವನು ಪ್ರಾಣ ಕಳ್ಕೊಳ್ಳದ ಹಾಗೆ ನೋಡ್ಕೋಬೇಕಾದವರು ಒಬ್ಬ ಮನೋವೈದ್ಯರು. ಇಂಥ ಕೆಲಸವನ್ನ ನಾವು ಯಾರಾದರೂ ಮಾಡ್ತೀವಾ?

ರೋಗಿಯ ಆತ್ಮಹತ್ಯೆ ವೈದ್ಯರನ್ನ ಏನು ಮಾಡುತ್ತೆ ಅನ್ನೋದರ ಬಗ್ಗೆ ಸ್ಕಾಟ್ಲೆಂಡಿನ ಮನೋವೈದ್ಯರ ನಡುವೆ ನಡೆದ ಒಂದು ಸಮೀಕ್ಷೆ 2000ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಗಿತ್ತು. ರೋಗಿಯನ್ನ ಹಾಗೆ ಕಳ್ಕೊಂಡವರಲ್ಲಿ ಸುಮಾರು ಮೂರರಲ್ಲೊಬ್ಬರು ನಿದ್ದೆಗೆಟ್ಟಿದ್ದು, ಮಂಕಾಗಿದ್ದು, ಮನೆಯಲ್ಲಿ ಸಿಡುಕಿದ್ದು ಹೇಳ್ಕೊಂಡಿದ್ದರು. 15% ಜನ ಅವಧಿಗೆ ಮೊದಲೇ ನಿವೃತ್ತಿಯಾಗೋ ಯೋಚನೆ ಮಾಡಿದ್ದರು. ಕೊಲೆಯಲ್ಲಿ ಇದೆಲ್ಲದರ ಮೇಲೆ ಇನ್ನೂ ಎರಡು ಹೊರೆ ಬೀಳುತ್ತೆ. ಒಂದು, ತಾವು ಮುಖ ಕೂಡ ನೋಡಿರದ ಯಾರೋ ಸತ್ತಿದ್ದಾರೆ. ಎರಡು, ಊರಿಗೆ ಊರೇ ಕಲ್ಲು ಹಿಡಿದು ನಿಂತಿದೆ.

ಹೀಗೆ ಪೆಟ್ಟು ತಿಂದ ವೈದ್ಯರಿಗೆ ಒಂದು ಹೆಸರಿದೆ. ಅಮೆರಿಕದ ವೈದ್ಯ ಆಲ್ಬರ್ಟ್ ವೂ 2000ರಲ್ಲೇ ಅದನ್ನ 'ಎರಡನೇ ಬಲಿಪಶು' ಅಂತ ಕರೆದರು. ಚಿಕಿತ್ಸೆಯ ತಪ್ಪಿನಿಂದ ರೋಗಿಗೆ ತೊಂದರೆಯಾದಾಗ ರೋಗಿ ಮೊದಲ ಬಲಿ, ಆ ತಪ್ಪು ಹೊತ್ತ ವೈದ್ಯರು ಎರಡನೆಯವರು ಅಂತ. ನನಗೆ ಈ ಪದ ಅಷ್ಟೊಂದು ಹಿಡಿಸಲ್ಲ. ಹೆಣ ಇನ್ನೂ ಮಣ್ಣಿಗೆ ಹೋಗಿರಲ್ಲ, ಅಷ್ಟರಲ್ಲಿ ಸಾಲಿನಲ್ಲಿ ಡಾಕ್ಟರ್ ಬಂದು ನಾನೂ ಬಲಿಪಶು ಅಂತ ನಿಂತರೆ ಸತ್ತವರ ಮನೆಯವರಿಗೆ ಹೇಗನ್ನಿಸಬೇಕು? ವೈದ್ಯರಿಗೆ ಅನುಕಂಪ ಬೇಕು ಅಂತ ನಾನು ಬರೀತಿಲ್ಲ. ಅವರು ನೆಟ್ಟಗೆ ಕೆಲಸ ಮಾಡೋ ಸ್ಥಿತಿಯಲ್ಲಿರಬೇಕು ಅಂತ ಬರೀತಿದ್ದೀನಿ. ಯಾಕೆಂದರೆ ಮಾರನೇ ದಿನ ಬೆಳಿಗ್ಗೆ ಅದೇ ಕೊಠಡಿಯ ಹೊರಗೆ ಇನ್ನೊಬ್ಬ ರೋಗಿ ಟೋಕನ್ ಹಿಡ್ಕೊಂಡು ಕೂತಿರ್ತಾನೆ.

ಡಾಕ್ಟರ್ ಮೊದಲೇ ಕಂಡುಹಿಡೀಬೇಕಿತ್ತಲ್ವಾ, ಅದಕ್ಕೇ ತಾನೆ ಓದಿರೋದು ಅಂತ ಕೇಳೋರಿದ್ದಾರೆ. ನಾವೆಲ್ಲ ಲೆಕ್ಕ ಗೊತ್ತಿರೋ ಜನ, ಲೆಕ್ಕ ಹಾಕೋಣ. ಆಸ್ಟ್ರೇಲಿಯಾದ ಓಲಾವ್ ನೀಲ್ಸನ್ ಮತ್ತು ಮ್ಯಾಥ್ಯೂ ಲಾರ್ಜ್ ಅನ್ನೋ ಮನೋವೈದ್ಯರು ಬೇರೆ ಬೇರೆ ದೇಶಗಳ ಅಧ್ಯಯನಗಳನ್ನ ಒಟ್ಟು ಸೇರಿಸಿ 2010ರಲ್ಲಿ ಒಂದು ಲೆಕ್ಕ ಕೊಟ್ಟರು. ಚಿಕಿತ್ಸೆಯಲ್ಲಿರೋ ಸೈಕೋಸಿಸ್ ರೋಗಿಗಳಲ್ಲಿ ವರ್ಷಕ್ಕೆ ಸುಮಾರು 9,090 ಜನರಲ್ಲಿ ಒಬ್ಬರು ಕೊಲೆ ಮಾಡ್ತಾರೆ. ಅಂದರೆ ಒಂದು ಲಕ್ಷ ರೋಗಿಗಳಲ್ಲಿ ಸುಮಾರು 11. ಈಗ ಕೊಲೆ ಮಾಡೋರನ್ನ ಮೊದಲೇ ಹೇಳಿಬಿಡೋ ಒಂದು ಪರೀಕ್ಷೆ ನಮ್ಮ ಹತ್ತಿರ ಇದೆ ಅಂದ್ಕೊಳ್ಳಿ, 90% ನಿಖರ. ಅಂಥದ್ದು ಲೋಕದಲ್ಲಿ ಎಲ್ಲೂ ಇಲ್ಲ, ಆದರೂ ಇದೆ ಅಂದ್ಕೊಳ್ಳೋಣ. ಅದು ಆ 11 ಜನರಲ್ಲಿ 10 ಜನರನ್ನ ಹಿಡಿಯುತ್ತೆ. ಜೊತೆಗೆ ಇರುವೆಗೂ ನೋವು ಮಾಡದ ಸುಮಾರು 10,000 ಜನರನ್ನೂ ಹಿಡಿಯುತ್ತೆ. ಅಲಾರಂ ಹೊಡೆದ ಪ್ರತಿ ಸಾವಿರ ಸಲದಲ್ಲಿ 999 ಸಲ ಸುಳ್ಳು ಅಲಾರಂ. ನಮ್ಮ ಸರ್ವರ್‌ಗೆ ಇಂಥ ಅಲಾರಂ ಯಾರಾದರೂ ಹಾಕಿದ್ದರೆ ಎರಡೇ ದಿನದಲ್ಲಿ ಕಿತ್ತು ಬಿಸಾಕ್ತಿದ್ವಿ. ಡಾಕ್ಟರ್ ತಲೆಯೊಳಗೆ ಮಾತ್ರ ಅದಕ್ಕಿಂತ ಒಳ್ಳೆ ಅಲಾರಂ ಇರಬೇಕು ಅಂತ ಬಯಸ್ತೀವಿ.

ಕೊಲೆ ನಡೆದ ಮೇಲೆ ಹಿಂದಕ್ಕೆ ತಿರುಗಿ ನೋಡಿದರೆ ಎಲ್ಲ ಸೂಚನೆಗಳೂ ಹೊಳೀತಾ ಇರುತ್ವೆ. ನಡೆಯೋ ಮೊದಲು ಅದೇ ಸೂಚನೆಗಳು ಇನ್ನೂ ಸಾವಿರ ಜನರ ಫೈಲಿನಲ್ಲಿ ಇರುತ್ವೆ. ಅವರಲ್ಲಿ ಹೆಚ್ಚಿನವರು ಮನೆಗೆ ಹೋಗಿ ಊಟ ಮಾಡಿ ಮಲಗಿರ್ತಾರೆ, ಅವರ ಬಗ್ಗೆ ಯಾರೂ ಸುದ್ದಿ ಬರೆಯೋದಿಲ್ಲ.

ಅದೇ ಅಧ್ಯಯನದಲ್ಲಿ ಇನ್ನೊಂದು ಅಂಕಿ ಇದೆ. ಈ ಇಡೀ ಲೇಖನ ಬರೆಯೋ ಹಾಗೆ ನನ್ನನ್ನ ಮಾಡಿದ್ದು ಆ ಅಂಕಿಯೇ. ಮೊದಲ ಸಲ ಕಾಯಿಲೆ ಬಂದು ಇನ್ನೂ ಚಿಕಿತ್ಸೆ ಸಿಗದಿರೋವಾಗ ಕೊಲೆ ಮಾಡೋರ ಪ್ರಮಾಣ 629ರಲ್ಲಿ ಒಬ್ಬರು. ಇನ್ನೊಮ್ಮೆ ನೋಡಿ: ಚಿಕಿತ್ಸೆಗೆ ಮೊದಲು 629ರಲ್ಲಿ ಒಬ್ಬರು, ಚಿಕಿತ್ಸೆ ಶುರುವಾದ ಮೇಲೆ ವರ್ಷಕ್ಕೆ 9,090ರಲ್ಲಿ ಒಬ್ಬರು. ಎರಡೂ ಕಡೆ ಬಹುಪಾಲು ರೋಗಿಗಳು ಯಾರಿಗೂ ಏನೂ ಮಾಡದವರು ಅನ್ನೋದು ಮರೀಬೇಡಿ. ಆದರೆ ಅಪಾಯ ಎಲ್ಲಿದೆ ಅಂತ ಈ ಲೆಕ್ಕ ಕೈ ತೋರಿಸಿ ಹೇಳ್ತಿದೆ. ಅಪಾಯ ಹೆಚ್ಚಿರೋದು ಆಸ್ಪತ್ರೆ ಬಾಗಿಲಿನ ಆಚೆ, ಇನ್ನೂ ಯಾವ ವೈದ್ಯರ ಕಣ್ಣಿಗೂ ಬೀಳದವರಲ್ಲಿ. ನಾವು ಕಲ್ಲು ಹೊಡೀತಿರೋದು ಬಾಗಿಲಿನ ಈಚೆ, ಅಪಾಯವನ್ನ ಹಲವು ಪಟ್ಟು ಇಳಿಸಿ ಕೂತಿರೋವರ ಮೇಲೆ.

ಚಿಕಿತ್ಸೆ ಸಿಗದ ಕಾಲ ಹೇಗಿರುತ್ತೆ ಅಂತ ನಾನು ನೋಡಿದ್ದೀನಿ. ನಮ್ಮೂರು ತಿಪಟೂರು ಕಡೆ, ತೆಂಗಿನ ತೋಟಗಳ ನಡುವಿನ ಇನ್ನೂರು ಮನೆಯ ಊರು. ನಾನು ಪ್ರೈಮರಿ ಸ್ಕೂಲಿನಲ್ಲಿದ್ದಾಗ ಊರಾಚೆಯ ತೋಟದ ಮನೆಯಲ್ಲಿ ಒಬ್ಬರನ್ನ ದನ ಕಟ್ಟೋ ಸರಪಳಿಯಲ್ಲೇ ಕಟ್ಟಿ ಹಾಕಿದ್ದರು. ನಾವು ಹುಡುಗರೆಲ್ಲ ಅವರನ್ನ ಮಾವ ಅಂತಿದ್ವಿ. ಕಟ್ಟಿದವರು ಕೆಟ್ಟವರೇನಲ್ಲ. ಅವರ ತಾಯಿ ದಿನಾ ಎರಡು ಹೊತ್ತು ಮುದ್ದೆ ಮುರಿದು ತುತ್ತು ಮಾಡಿ ತಿನ್ನಿಸೋರು. ಹರಕೆ ಹೊತ್ತಿದ್ದಾಯ್ತು, ತಾಯತ ಕಟ್ಟಿಸಿದ್ದಾಯ್ತು, ದೆವ್ವ ಬಿಡಿಸೋರ ಹತ್ತಿರ ಹೋಗಿದ್ದೂ ಆಯ್ತು. ಇಂಥದ್ದಕ್ಕೂ ಡಾಕ್ಟರ್ ಇರ್ತಾರೆ ಅಂತ ಮನೆಯವರಿಗೆ ಗೊತ್ತಾಗೋಷ್ಟರಲ್ಲಿ ಆರು ವರ್ಷ ಕಳೆದಿತ್ತು. ಬೆಂಗಳೂರಿಗೆ ಕರ್ಕೊಂಡು ಹೋದರು. ಎರಡು ತಿಂಗಳಾದ ಮೇಲೆ ಮಾವ ಬಸ್ಸಿಳಿದು ಊರೊಳಗೆ ನಡ್ಕೊಂಡು ಬಂದರು. ಒಂದು ವರ್ಷದೊಳಗೆ ಎಳನೀರು ಕೆತ್ತೋ ಕೆಲಸಕ್ಕೆ ನಿಂತಿದ್ದರು. ಅವರ ಕೈಗೆ ಮಚ್ಚು ಕೊಡೋಕೆ ಊರಲ್ಲಿ ಯಾರೂ ಹೆದರಲಿಲ್ಲ.

ಆ ಮಾವನಿಗೂ ಒಬ್ಬ 'ಬಿಟ್ಟು ಕಳಿಸಿದ ಡಾಕ್ಟರ್' ಇದ್ದರು. ಹೆಸರು ಯಾರಿಗೂ ಗೊತ್ತಿಲ್ಲ. ಏನೂ ಆಗಲಿಲ್ಲವಲ್ಲ, ಹಾಗಾಗಿ ಯಾರೂ ಕೇಳಲಿಲ್ಲ. ಇವನ ಕೈಗೆ ನಾಳೆ ಮಚ್ಚು ಬಂದರೆ ನನ್ನ ಗತಿ ಏನು ಅಂತ ಅವರು ಆವತ್ತು ಹೆದರಿದ್ದರೆ ಮಾವ ಇನ್ನೂ ಸರಪಳಿಯಲ್ಲೇ ಇರ್ತಿದ್ದರು.

ಕೂಡಿಹಾಕೋದರಿಂದ ನಾವೆಲ್ಲ ಸುರಕ್ಷಿತ ಅನ್ನೋರಿಗೆ ಒಂದು ಊರಿನ ಹೆಸರು ನೆನಪಿಸ್ತೀನಿ: ತಮಿಳುನಾಡಿನ ಏರ್ವಾಡಿ. 2001ರ ಆಗಸ್ಟ್ 6ರಂದು ಅಲ್ಲಿನ ಒಂದು ಖಾಸಗಿ ಮಾನಸಿಕ ಆಶ್ರಮಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿದ್ದವರು ಓಡೋಕಾಗದೆ 28 ಜನ ಸತ್ತರು. ಅವರು ಯಾರನ್ನೂ ಕೊಂದಿರಲಿಲ್ಲ. ಅವರನ್ನ ಕಂಡು ನಾವು ಹೆದರಿದ್ದೆವು, ಅಷ್ಟೇ.

ಈ ಪಾಠ ನಮ್ಮ ಕಾನೂನಿಗೆ ಅರ್ಥವಾಗಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 89ನೇ ಕಲಮಿನ ಪ್ರಕಾರ, ರೋಗಿಯ ಒಪ್ಪಿಗೆ ಇಲ್ಲದೆ ಸೇರಿಸಬೇಕಾದರೆ ಇಬ್ಬರು ತಜ್ಞರು ಬೇರೆ ಬೇರೆಯಾಗಿ ಪರೀಕ್ಷೆ ಮಾಡಬೇಕು, ಇತ್ತೀಚೆಗೆ ತನಗೋ ಬೇರೆಯವರಿಗೋ ಅಪಾಯ ತಂದ ಲಕ್ಷಣ ಇರಬೇಕು, ಅದೂ 30 ದಿನದವರೆಗೆ. ಅದಕ್ಕಿಂತ ಹೆಚ್ಚು ಇಟ್ಕೋಬೇಕಾದರೆ 90ನೇ ಕಲಮು, ಮತ್ತೆ ಪರೀಕ್ಷೆ, ಪರಿಶೀಲನಾ ಮಂಡಳಿಯ ಒಪ್ಪಿಗೆ. ಅಂದರೆ ಯಾಕೆ ಬಿಟ್ಟ ಅನ್ನೋ ಪ್ರಶ್ನೆಗೆ ಎಷ್ಟೋ ಸಲ ಉತ್ತರ ಸರಳ: ಇಟ್ಕೊಳ್ಳೋ ಹಕ್ಕು ಅವರಿಗೆ ಇರಲಿಲ್ಲ. ಇರಲೂಬಾರದು. ನಾಳೆ ನಿಮ್ಮ ತಮ್ಮನನ್ನೋ ತಂಗಿಯನ್ನೋ ಯಾರೋ ಹೆದರಿದ್ದಾರೆ ಅನ್ನೋ ಒಂದೇ ಕಾರಣಕ್ಕೆ ವರ್ಷಗಟ್ಟಲೆ ಕೂಡಿಹಾಕಿದರೆ ನೀವು ಒಪ್ತೀರಾ?

ಹಾಗಂತ ವೈದ್ಯರು ದೇವರು, ಅವರನ್ನ ಯಾರೂ ಕೇಳಬಾರದು ಅಂತಲ್ಲ. ಎದುರುವಾದವನ್ನ ಪೂರ್ತಿಯಾಗಿ ಕೇಳೋಣ. ಅದಕ್ಕೆ ಎಲ್ಲಕ್ಕಿಂತ ಹೆಸರಾದ ಕೇಸಿನಲ್ಲಿ ನಮ್ಮವನೇ ಒಬ್ಬ ಇದ್ದಾನೆ. ಖರಗಪುರ ಐಐಟಿಯಲ್ಲಿ ಓದಿ ಕ್ಯಾಲಿಫೋರ್ನಿಯಾದ ಬರ್ಕ್ಲಿಗೆ ಹೋದ ಬಂಗಾಳಿ ಹುಡುಗ ಪ್ರಸೆನ್‌ಜಿತ್ ಪೊದ್ದಾರ್. ತನ್ನನ್ನ ಒಪ್ಪದ ಟಟಿಯಾನಾ ತರಸೋಫ್ ಅನ್ನೋ ಹುಡುಗಿಯನ್ನ ಕೊಲ್ತೀನಿ ಅಂತ ಅವನು 1969ರ ಬೇಸಿಗೆಯಲ್ಲಿ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಲಾರೆನ್ಸ್ ಮೂರ್ ಎದುರು ಹೇಳಿದ. ಮೂರ್ ಸುಮ್ಮನೆ ಕೂರಲಿಲ್ಲ. ಇವನನ್ನ ಆಸ್ಪತ್ರೆಗೆ ಸೇರಿಸಬೇಕು ಅಂತ ಕ್ಯಾಂಪಸ್ ಪೊಲೀಸರಿಗೆ ಹೇಳಿದರು, ಪತ್ರವನ್ನೂ ಬರೆದರು. ಪೊಲೀಸರು ಹಿಡಿದರು, ಮಾತಾಡಿಸಿದರು, ಸರಿಯಾಗೇ ಇದ್ದಾನೆ ಅಂತ ಬಿಟ್ಟರು. ಮೂರ್ ಮೇಲಿದ್ದ ಮನೋವೈದ್ಯರು ಆ ಪತ್ರ ವಾಪಸ್ ತರಿಸಿ, ದಾಖಲೆ ನಾಶ ಮಾಡಿ, ಮುಂದೇನೂ ಮಾಡಬೇಡಿ ಅಂತ ಆದೇಶ ಕೊಟ್ಟರು. ಹುಡುಗಿಗಾಗಲಿ ಮನೆಯವರಿಗಾಗಲಿ ಯಾರೂ ಒಂದು ಮಾತು ಹೇಳಲಿಲ್ಲ. ಅಕ್ಟೋಬರ್ 27ರಂದು ಅವನು ಅವಳನ್ನ ಕೊಂದ.

ತಂದೆ ತಾಯಿ ಕೋರ್ಟಿಗೆ ಹೋದರು. ಒಬ್ಬ ನಿರ್ದಿಷ್ಟ ವ್ಯಕ್ತಿಗೆ ಅಪಾಯ ಇದೆ ಅಂತ ಚಿಕಿತ್ಸಕರಿಗೆ ಗೊತ್ತಾದರೆ ಆ ವ್ಯಕ್ತಿಯನ್ನ ಕಾಪಾಡೋಕೆ ಕ್ರಮ ತಗೊಳ್ಳೋದು ಅವರ ಕರ್ತವ್ಯ ಅಂತ 1976ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಹೇಳಿತು. ಒಳ್ಳೆ ತೀರ್ಪು. ನಮ್ಮ 2017ರ ಕಾಯ್ದೆಯ 23ನೇ ಕಲಮು ಕೂಡ, ಬೇರೆಯವರನ್ನ ಹಿಂಸೆಯಿಂದ ಕಾಪಾಡೋಕೆ ಬೇಕಾದಷ್ಟು ಮಾಹಿತಿಯನ್ನ ಹೊರಗೆ ಹೇಳಬಹುದು ಅನ್ನುತ್ತೆ. ಯಾರ ಹೆಸರಾದರೂ ಹೇಳಿ ಕೊಲ್ತೀನಿ ಅಂದಿದ್ದನ್ನ ಕೇಳಿಯೂ ಸುಮ್ಮನಿದ್ದವರನ್ನ ನಾನು ಸಮರ್ಥಿಸೋದಿಲ್ಲ. ಆದರೆ ಆ ಕೇಸಿನಲ್ಲಿ ಏನು ಮುರಿದಿತ್ತು ಅಂತ ನೋಡಿ. ಎದುರಿಗೆ ಕೂತು ಕೇಳಿಸಿಕೊಂಡ ಮನುಷ್ಯ ಗಂಟೆ ಬಾರಿಸಿದ್ದರು. ಗಂಟೆ ಕೇಳಿಸಿಕೊಳ್ಳಬೇಕಾದ ವ್ಯವಸ್ಥೆ ಕಿವಿ ಮುಚ್ಚಿಕೊಂಡಿತ್ತು. 'ಡಾಕ್ಟರ್ ಯಾರು' ಅಂತ ಮಾತ್ರ ಕೇಳಿದ್ದರೆ ಮೂರ್ ಹೆಸರು ಸಿಕ್ಕಿರೋದು, ಕೇಸು ಅಲ್ಲಿಗೆ ಮುಗಿದಿರೋದು.

ಬ್ರಿಟನ್ನಿನದೂ ಇದೇ ಕಥೆ. 1992ರ ಡಿಸೆಂಬರ್‌ನಲ್ಲಿ ಲಂಡನ್ನಿನ ಫಿನ್ಸ್‌ಬರಿ ಪಾರ್ಕ್ ಮೆಟ್ರೋ ನಿಲ್ದಾಣದಲ್ಲಿ ರೈಲಿಗೆ ಕಾಯ್ತಿದ್ದ ಜೊನಾಥನ್ ಜೀಟೊ ಅನ್ನೋ ಯುವಕನನ್ನ ಕ್ರಿಸ್ಟೊಫರ್ ಕ್ಲೂನಿಸ್ ಅನ್ನೋ ರೋಗಿ ಇರಿದು ಕೊಂದ. ಇಬ್ಬರಿಗೂ ಪರಿಚಯವೇ ಇರಲಿಲ್ಲ. 1994ರ ವಿಚಾರಣಾ ವರದಿ ಕ್ಲೂನಿಸ್ ಐದಾರು ವರ್ಷ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದಿದ್ದನ್ನ ಎಳೆ ಎಳೆಯಾಗಿ ಬಿಡಿಸಿ, ತಪ್ಪನ್ನ ಒಬ್ಬರ ತಲೆಗೆ ಕಟ್ಟೋಕಾಗಲ್ಲ, ಒಂದರ ಮೇಲೊಂದು ಲೋಪ ಪೇರಿಸಿಕೊಂಡು ಬಂದಿದೆ ಅಂದಿತು. ಆಗಷ್ಟೇ ಮದುವೆಯಾಗಿದ್ದ ಜೊನಾಥನ್ ಹೆಂಡತಿ ಜೇನ್ ಜೀಟೊ ಏನು ಮಾಡಿದರು ಗೊತ್ತಾ? ಅದೇ ವರ್ಷ ಜೀಟೊ ಟ್ರಸ್ಟ್ ಕಟ್ಟಿ, ಇಂಥ ರೋಗಿಗಳಿಗೆ ಸರಿಯಾದ ಆರೈಕೆ ಸಿಗಬೇಕು ಅಂತ ವರ್ಷಗಟ್ಟಲೆ ಹೋರಾಡಿದರು. ಗಂಡನನ್ನ ಕಳ್ಕೊಂಡ ಹೆಣ್ಣುಮಗಳಿಗೆ ಕಂಡ ಸತ್ಯ ಮೊಬೈಲ್ ಹಿಡಿದ ನಮಗೆ ಕಾಣಲ್ಲ.

ನನ್ನ ಸ್ವಂತ ವೃತ್ತಿಯ ಮಾತು ಈಗ. ನಮ್ಮಲ್ಲಿ ರಾತ್ರಿ ಎರಡು ಗಂಟೆಗೆ ಸಿಸ್ಟಂ ಬಿದ್ದುಹೋದರೆ ಮಾರನೇ ದಿನ ಪೋಸ್ಟ್‌ಮಾರ್ಟಂ ಅಂತ ಮೀಟಿಂಗ್ ಕೂರ್ತೀವಿ. ಅಲ್ಲಿ ಯಾರು ಮಾಡಿದ್ದು ಅಂತ ಕೇಳಬಾರದು ಅನ್ನೋದು ನಿಯಮ. ಆ ಹೊತ್ತಿಗೆ ಆ ಮನುಷ್ಯನಿಗೆ ಏನು ಗೊತ್ತಿತ್ತು, ಅವನು ಮಾಡಿದ್ದು ಅವನಿಗೆ ಯಾಕೆ ಸರಿ ಅನ್ನಿಸಿತು, ತಪ್ಪು ನಡೆದರೂ ತಡೆಯೋ ಗೋಡೆ ಯಾಕೆ ಇರಲಿಲ್ಲ ಅಂತ ಕೇಳ್ತೀವಿ. ಇದನ್ನ ಒಳ್ಳೇತನಕ್ಕೆ ಮಾಡೋದಲ್ಲ. ಬೈದರೆ ಜನ ಲಾಗ್ ಅಳಿಸ್ತಾರೆ, ಮುಂದಿನ ಸಲ ಬಾಯಿ ಬಿಡಲ್ಲ, ಅದೇ ತಪ್ಪು ಮತ್ತೆ ಆಗುತ್ತೆ ಅಂತ ಗೊತ್ತಿರೋದಕ್ಕೆ ಮಾಡೋದು. ವಿಮಾನದವರು ಇದನ್ನ ನಮಗಿಂತ ಎಷ್ಟೋ ಮೊದಲೇ ಕಲಿತರು. ತರಸೋಫ್ ತೀರ್ಪು ಬಂದ ಅದೇ 1976ರಲ್ಲಿ ಅಮೆರಿಕದಲ್ಲಿ ನಾಸಾ ನಡೆಸೋ ಒಂದು ವರದಿ ವ್ಯವಸ್ಥೆ ಶುರುವಾಯ್ತು. ಪೈಲಟ್‌ಗಳು ತಮ್ಮ ತಪ್ಪನ್ನ ತಾವೇ ಬರೆದು ಕಳಿಸಬಹುದು, ಹೆಸರು ಗುಟ್ಟಾಗಿರುತ್ತೆ.

ನಮ್ಮ ಸರ್ವರ್ ಬಿದ್ದರೆ ಯಾರೂ ಸಾಯಲ್ಲ, ಎರಡನ್ನೂ ಒಂದೇ ತಕ್ಕಡಿಗೆ ಹಾಕೋ ಹಾಗಿಲ್ಲ. ಒಪ್ಪಿದೆ. ಜೀವ ಹೋಗಿರೋ ಕಡೆ ಬರೀ ಒಳಗಿನ ಮೀಟಿಂಗ್ ಸಾಲದು, ಸತ್ತವರ ಮನೆಯವರು ಆ ಮೇಜಿನ ಮುಂದೆ ಕೂರಬೇಕು, ವರದಿ ಬಹಿರಂಗ ಆಗಬೇಕು. ಆದರೆ ಒಂದು ತಮಾಷೆ ನೋಡಿ. ಆನ್‌ಲೈನ್ ಶಾಪಿಂಗ್ ಒಂದು ಗಂಟೆ ನಿಂತರೆ ಬೈಗುಳ ಬಿಟ್ಟು ಕಾರಣ ಹುಡುಕೋಷ್ಟು ವಿವೇಕ ನಮಗಿದೆ. ಮನುಷ್ಯ ಸತ್ತಾಗ ಆ ವಿವೇಕ ಎಲ್ಲಿ ಹೋಗುತ್ತೆ?

ಇನ್ನೊಂದು ಮಾತು, ಇದು ನಮಗೆ ಚುಚ್ಚಬೇಕು ಅಂತಲೇ ಹೇಳ್ತಿದ್ದೀನಿ. ಅಕ್ಟೋಬರ್ 10ಕ್ಕೆ ನಮ್ಮ ಆಫೀಸುಗಳಲ್ಲಿ ಹಸಿರು ರಿಬ್ಬನ್ ಹಂಚ್ತಾರೆ. ಬರ್ನೌಟ್ ಬಗ್ಗೆ, ಆಂಗ್ಸೈಟಿ ಬಗ್ಗೆ ಮಾತಾಡೋದು ಈಗ ಮರ್ಯಾದೆಯ ವಿಷಯ. ಒಳ್ಳೇದೇ. ಆದರೆ ನಮ್ಮ ಮೆಂಟಲ್ ಹೆಲ್ತ್ ಪ್ರೀತಿ ಆಂಗ್ಸೈಟಿ ಹತ್ತಿರ ನಿಂತುಬಿಡುತ್ತೆ. ಸ್ಕಿಜೋಫ್ರೇನಿಯಾ ಅನ್ನೋ ಪದ ಬಂದ ಕೂಡಲೇ ರಿಬ್ಬನ್ ಜೇಬಿಗೆ ಹೋಗಿ ಕಲ್ಲು ಕೈಗೆ ಬರುತ್ತೆ. ನಮ್ಮ ಆಂಗ್ಸೈಟಿಗೆ ಆ್ಯಪ್‌ನಲ್ಲಿ ಥೆರಪಿಸ್ಟ್ ಸಿಗ್ತಾರೆ. ತೀವ್ರ ಕಾಯಿಲೆಯ ರೋಗಿಗೆ ಸಿಗೋದು ಜಿಲ್ಲಾಸ್ಪತ್ರೆಯ ಆ ಒಬ್ಬ ಮನೋವೈದ್ಯರು, ಅವರೂ ಹೆದರಿ 'ಮೇಲಿನ ಆಸ್ಪತ್ರೆಗೆ ಹೋಗಿ' ಅಂತ ಚೀಟಿ ಬರೆದರೆ ಮುಗೀತು. ಆ ಚೀಟಿ ಹಿಡ್ಕೊಂಡು ಬಸ್ಸು ಹತ್ತೋಕೆ ದುಡ್ಡಿಲ್ಲದ ಮನೆಯವರು ಊರಿಗೆ ವಾಪಸ್ ಹೋಗ್ತಾರೆ. ಅಲ್ಲಿಂದ ಶುರುವಾಗೋದು 629ರ ಲೆಕ್ಕ.

ನಮ್ಮಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲ, ಸುಮಾರು 0.75. ನಿಮ್ಹಾನ್ಸ್ ಮುಂದಾಳುತನದಲ್ಲಿ ನಡೆದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಕಾಯಿಲೆ ಯಾವುದು ಅನ್ನೋದರ ಮೇಲೆ 70ರಿಂದ 92% ರೋಗಿಗಳಿಗೆ ಚಿಕಿತ್ಸೆ ಸಿಗ್ತಿಲ್ಲ. ಇಷ್ಟು ಕಮ್ಮಿ ಇರೋವರಲ್ಲಿ ನಾಲ್ಕು ಜನ ಹೆದರಿ ಹಿಂದೆ ಸರಿದರೆ ಒಂದಿಡೀ ಜಿಲ್ಲೆ ಖಾಲಿಯಾಗುತ್ತೆ. ಹಾದಿ ಇಲ್ಲ ಅಂತಲ್ಲ. 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು ಮಾನಸಿಕ ಕಾಯಿಲೆಗೆ ಅಲ್ಲಲ್ಲೇ ಔಷಧ ಕೊಡೋ ಪ್ರಯೋಗ ನಡೀತು. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ.

ಹಾಗಾದರೆ ಏನು ಮಾಡಬೇಕು? ಚಿಕಿತ್ಸೆಯಲ್ಲಿದ್ದ ರೋಗಿ ಕೊಲೆ ಮಾಡಿದರೆ ಸ್ವತಂತ್ರ ವಿಚಾರಣೆ ಕಡ್ಡಾಯವಾಗಬೇಕು. ಬ್ರಿಟನ್ 1994ರಲ್ಲೇ ಈ ನಿಯಮ ತಂದಿತು, ನಮ್ಮ ಕಾಯ್ದೆಯಲ್ಲಿ ಅಂಥದ್ದಿಲ್ಲ. ಆ ವಿಚಾರಣೆ ಹೆಸರಿನ ಬದಲು ಕಾರಣ ಹುಡುಕಬೇಕು. ಬಿಡುಗಡೆಯಾದ ಮೇಲೆ ಇಂಜೆಕ್ಷನ್ ಕೊಡೋರು ಯಾರಿದ್ದರು? ಮಾತ್ರೆ ತಾಲ್ಲೂಕಿನಲ್ಲಿ ಸಿಗ್ತಿತ್ತಾ? ಮನೆಯವರು ಫೋನ್ ಮಾಡಿದಾಗ ಯಾರಾದರೂ ಎತ್ತಿದರಾ? ಬೇಕಂತಲೇ ಕಣ್ಣು ಮುಚ್ಚಿದವರು, ದಾಖಲೆ ತಿದ್ದಿದವರು ಸಿಕ್ಕರೆ ಶಿಕ್ಷೆ ಆಗಲಿ. ಉಳಿದವರಿಗೆ ಕೆಲವು ವಾರ ಹೊರೆ ಇಳಿಸಿ, ಮನಸ್ಸು ಬಿಚ್ಚೋಕೆ ಒಬ್ಬ ಹಿರಿಯರನ್ನ ಕೊಡಿ. ಸತ್ತವರ ಮನೆಗೆ ಹೋಗಿ ನಮ್ಮಿಂದ ಆಗಲಿಲ್ಲ, ಕ್ಷಮಿಸಿ ಅನ್ನೋಕೆ ಅವಕಾಶ ಕೊಡಿ, ಆ ಮಾತನ್ನ ಕೋರ್ಟಿನಲ್ಲಿ ಅವರ ವಿರುದ್ಧವೇ ತಿರುಗಿಸಬೇಡಿ. ಇದರಿಂದ ವೈದ್ಯರಿಗೆ ಎಷ್ಟು ಅನುಕೂಲವೋ ಸತ್ತವರ ಮನೆಯವರಿಗೂ ಅಷ್ಟೇ. ಎಷ್ಟೋ ಮನೆಗಳು ವರ್ಷಗಟ್ಟಲೆ ಕಾಯೋದು ಯಾರಾದರೂ ಬಂದು ನಿಜ ಹೇಳಲಿ ಅಂತಲೇ.

ನಾವು ಮಾಡಬೇಕಾದ್ದು ಸಣ್ಣದು. ಮುಂದಿನ ಸಲ ಅಂಥ ಸುದ್ದಿ ಬಂದಾಗ ಡಾಕ್ಟರ್ ಯಾರು ಅಂತ ಟೈಪ್ ಮಾಡೋ ಮೊದಲು ಆ ರೋಗಿಗೆ ಚಿಕಿತ್ಸೆ ಎಲ್ಲಿ ತಪ್ಪಿತು ಅಂತ ಕೇಳಿ. ಕೇಳಿದ್ದನ್ನ ನಿಮ್ಮ ಶಾಸಕರಿಗೂ ಕೇಳಿ, ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರ ಹುದ್ದೆ ಖಾಲಿ ಇದೆಯಾ ಅಂತ. ಯಾವುದೋ ಒಪಿಡಿಯಲ್ಲಿ ಇವತ್ತು ಕಿವಿಯಲ್ಲಿ ದನಿ ಕೇಳಿಸ್ತಿರೋ ಹುಡುಗನೊಬ್ಬನನ್ನ ಅವರಮ್ಮ ಮೊದಲ ಸಲ ಕರ್ಕೊಂಡು ಬಂದಿದ್ದಾರೆ. ನಮ್ಮ ಹೊಡೆತಕ್ಕೆ ಹೆದರದ ಡಾಕ್ಟರ್ ಒಬ್ಬರು ಅವನ ಫೈಲ್ ತೆಗೆದು, ಕೂತ್ಕೊಳಪ್ಪ ಅನ್ನಬೇಕು.